ಎಂಜಿನ್ ಇಲ್ಲದ ದೋಣಿ

ಅಕ್ಕೋರ ತೋರುಬೆರಳು ಕಂಪ್ಯೂಟರಿನ ಪರದೆಯನ್ನು ಎಂದೂ ಮುಟ್ಟುತ್ತಿರಲಿಲ್ಲ. ಕೂದಲೆಳೆಯಷ್ಟು ದೂರದಲ್ಲಿ, ಸಾಲಿನಿಂದ ಸಾಲಿಗೆ, ನಿದ್ದೆಯಲ್ಲಿ ನಡೆದಂತೆ ಸರಿಯುತ್ತಿತ್ತು. ಮುಡಿಯಲ್ಲಿ ಅಬ್ಬಲಿಗೆ, ಕಿಟಕಿಯಾಚೆ ಶರಾವತಿ ಕಡಲು ಸೇರುವಲ್ಲಿ ಬೆಳಗಿನ ಮಂಜು. ಮೊದಲು ಶಾಲೆಯಲ್ಲಿ ಕಲಿಸುತ್ತಿದ್ದುದರಿಂದ ಹೊನ್ನಾವರದ ನಮ್ಮ ಪುಟ್ಟ ಕಚೇರಿಯಲ್ಲೂ ಅವರು ಎಲ್ಲರಿಗೂ ಅಕ್ಕೋರೇ.

ನಾವು ಮೀನುಗಾರರಿಗೆ ಗಾಳಿಯ ಮುನ್ನೆಚ್ಚರಿಕೆ ಕಳಿಸುವ ಪ್ರೋಗ್ರಾಂ ಬರೆಯುತ್ತಿದ್ದೆವು, ಪೈಥಾನ್‌ನಲ್ಲಿ. ಅದು ಧಾರಾಳ ಮನಸ್ಸಿನ ಭಾಷೆ. ಏನು ಬರೆದರೂ ಹೂಂ ಎನ್ನುತ್ತದೆ, ತಪ್ಪಿದ್ದರೆ ಓಡುವಾಗ ಮುಗ್ಗರಿಸುತ್ತದೆ. ದೋಣಿಗಳ ವಿವರ ಕೇಳಿ ಡೇಟಾಬೇಸಿಗೆ ಕಳಿಸುವ ಪ್ರಶ್ನೆಗಳು, ಅಂದರೆ ಕ್ವೆರಿಗಳಂತೂ ಅದರ ಕಣ್ಣಿಗೆ ಬರೀ ಅಕ್ಷರಗಳು. ಗಾಳಿ ಏಳುವ ದಿನ ಮಾತ್ರ ಓಡುವ ಕ್ವೆರಿಯ ತಪ್ಪು ಆ ದಿನವೇ ತಿಳಿದರೆ ಏನು ಬಂತು ಎಂದು ಅಕ್ಕೋರು ಗೊಣಗುತ್ತಿದ್ದರು. ಕೊನೆಗೆ ತಾವೇ ಒಂದು ಚೆಕ್ಕರ್ ಬರೆದರು. ಪ್ರೋಗ್ರಾಂ ಓಡಿಸುವ ಮೊದಲೇ ಅದು ಪ್ರತಿ ಕ್ವೆರಿಯನ್ನೂ ಓದಿ, ಯಾವ ಕಾಲಂನಲ್ಲಿ ಸಂಖ್ಯೆ, ಯಾವುದರಲ್ಲಿ ಹೆಸರು, ಯಾವುದು ಖಾಲಿಯೂ ಇರಬಹುದು ಎಂದು ತಾಳೆ ನೋಡಿ, ತಪ್ಪು ಕಂಡಲ್ಲಿ ಕೆಂಪು ಗೆರೆ ಎಳೆಯುತ್ತಿತ್ತು. ನನಗೋ ಅದರ ಕೆಂಪು ಗೆರೆಗಳೆಂದರೆ ತಲೆನೋವು.

ಒಂದು ಮಧ್ಯಾಹ್ನ ಮುನ್ನೆಚ್ಚರಿಕೆಯ ಕ್ವೆರಿಗೇ ಕೆಂಪು ಗೆರೆ ಬಿತ್ತು. ಎಂಜಿನ್ನಿನ ಶಕ್ತಿಯಿಂದ ದಡ ಮುಟ್ಟುವ ಹೊತ್ತನ್ನು ಲೆಕ್ಕ ಹಾಕಿ ಸಂದೇಶ ಕಳಿಸುವ ಜಾಗ ಅದು. ಎಂಜಿನ್ ಕಾಲಂ ಖಾಲಿ ಇರಬಹುದು ಎಂದಿತು ಚೆಕ್ಕರ್. ಪರೀಕ್ಷೆಗೆ ಹಾಕಿದ ದೋಣಿಗಳಿಗೆಲ್ಲ ಎಂಜಿನ್ ಇತ್ತು, ಎಲ್ಲವೂ ಸಲೀಸಾಗಿ ಓಡಿತ್ತು. ಈ ಗೆರೆಯನ್ನು ಬಿಟ್ಟುಬಿಡೋಣ ಎಂದೆ. ಅಕ್ಕೋರ ಬೆರಳು ನಿಂತಿತು.

"ನಿನ್ನ ಅಪ್ಪಂದು ಎಂತಾ ದೋಣಿ?"

"ಪಾತಿದೋಣಿ, ಅಕ್ಕೋರೆ."

"ಎಂಜಿನ್ ಇದ್ಯಾ?"

ಆ ಪುಟ್ಟ ದೋಣಿಗೆ ಎಂಜಿನ್ ಎಲ್ಲಿಂದ ಬರಬೇಕು. ಬಿಸಿಲ ಮಬ್ಬಿನಲ್ಲಿ ಅಪ್ಪ ಒಬ್ಬನೇ ಹುಟ್ಟು ಹಾಕುತ್ತಿರುವುದು ಕಂಡಂತಾಯಿತು. ಅವನ ದೋಣಿಯ ಸರದಿ ಬಂದೊಡನೆ, ಎಂಜಿನ್ ಕಾಲಂ ಖಾಲಿಯಿದ್ದು ಲೆಕ್ಕ ತಪ್ಪಿ, ಪ್ರೋಗ್ರಾಂ ಅಲ್ಲೇ ನಿಲ್ಲುತ್ತಿತ್ತು. ಅವನಿಗೂ, ಅವನ ನಂತರದವರಿಗೂ ಸಂದೇಶ ಹೋಗುತ್ತಿರಲಿಲ್ಲ. ಎಂಜಿನ್ ಇಲ್ಲದವರಿಗೆ ಎಲ್ಲರಿಗಿಂತ ಮೊದಲು ಹೋಗುವಂತೆ ಸಂಜೆಯೊಳಗೆ ಇಬ್ಬರೂ ಕೂತು ತಿದ್ದಿದೆವು. ಕೆಂಪು ಗೆರೆ ಮಾಯವಾಯಿತು.

"ಆತು, ಚಾ ಕುಡಿವ" ಎಂದರು.

ಕಳೆದ ಬೇಸಿಗೆಯಲ್ಲಿ ಅಕ್ಕೋರು ಕಾಯಿಲೆಯಿಂದ ತೀರಿಕೊಂಡರು. ಅದಾದ ಮೇಲೆ ಒಂದು ದಿನ, ಕುಮಟೆಯಿಂದ ಭಟ್ಕಳದವರೆಗೂ ಕಡಲು ಅಲೆಯಿಲ್ಲದೆ ಮಲಗಿದ್ದಾಗ, ಗಾಳಿಯ ಮುನ್ಸೂಚನೆ ಬಂದು ಆ ಕ್ವೆರಿ ಮೊದಲ ಸಲ ನಿಜವಾಗಿ ಓಡಿತು. ಕಡಲಲ್ಲಿದ್ದ ಅಪ್ಪನ ಫೋನಿಗೆ ಎಲ್ಲರಿಗಿಂತ ಮೊದಲು ಸಂದೇಶ ಹೋಯಿತು. ಅಪ್ಪ ದೋಣಿಯನ್ನು ಮರಳಿಗೆ ಎಳೆದು ಹಾಕುವಷ್ಟರಲ್ಲಿ ಗಾಳಿ ಎದ್ದಿತು.

ಅಷ್ಟು ಸುಮ್ಮನಿದ್ದ ಕಡಲಲ್ಲಿ ತಿರುಗಿ ಬಾ ಅಂತ ಹೇಳಿದ್ದು ಯಾರು ಎಂದು ಕೇಳಿದ. ಅಕ್ಕೋರು ಎಂದೆ. ಅವರು ಹೋದದ್ದು ಅವನಿಗೂ ಗೊತ್ತಿತ್ತು. ಬುಟ್ಟಿಯಲ್ಲಿದ್ದ ಕಾಣೆ ಮೀನನ್ನೆಲ್ಲ ಆರಿಸಿ ನನ್ನ ಕೈಗಿಟ್ಟ.

"ಇದನ್ನ ಅವರ ಮನೆಗೆ ಕೊಟ್ಟು ಬಾ" ಎಂದ.