ಮಸ್ಕತ್ತಿನ ಬಾಗಿಲಲ್ಲಿ ಸುಮಿತ್ರಮ್ಮನ ಉರುಳಿ

ಪೆಟ್ಟು ತಿನ್ನುವುದು ಸುಬ್ರಾಯನಿಗೆ ಹೊಸದಲ್ಲ. ಕಾಸರಗೋಡಿನ ಬದಿಯಡ್ಕದ ಕಡೆಯಿಂದ ಮೀಸೆ ಮೂಡುವ ಮೊದಲೇ ಕೊಚ್ಚಿಗೆ ಬಂದು ಹೋಟೆಲು ಸೇರಿದವನು ಅವನು. ಅಂದಿನ ಅಡುಗೆಭಟ್ಟರು ಬಾಯಲ್ಲಿ ಪಾಠ ಹೇಳುತ್ತಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಬಿಸಿ ಸೌಟು ನೇರ ಬೆನ್ನ ಮೇಲೆ ಬೀಳುತ್ತಿತ್ತು. ಒಮ್ಮೆ ಒಬ್ಬ ಭಟ್ಟ ಕುದಿಯುವ ಗಂಜಿಯನ್ನೇ ಕಾಲಿನ ಮೇಲೆ ಚೆಲ್ಲಿದ್ದ. ಅದರ ಕಲೆ ಈಗಲೂ ಪಂಚೆ ಎತ್ತಿ ಕಟ್ಟಿದಾಗ ಕಾಣುತ್ತದೆ. ಇಷ್ಟೆಲ್ಲ ತಿಂದ ಮನುಷ್ಯ ದೊಡ್ಡವನಾದ ಮೇಲೆ ತನ್ನ ಕೈಕೆಳಗಿನ ಒಬ್ಬನ ಮೇಲೂ ಕೈ ಎತ್ತಲಿಲ್ಲ. ಅವನ ಜೊತೆ ಕೆಲಸ ಮಾಡಿದವರು ಇದನ್ನು ಇಂದಿಗೂ ಹೇಳುತ್ತಾರೆ.

ಹೆಂಡತಿ ತೀರಿಕೊಂಡು, ಮೂರು ವರ್ಷದ ಮಗಳು ರಮ್ಯಶ್ರೀಯನ್ನು ಎತ್ತಿಕೊಂಡು ಏನು ಮಾಡುವುದೆಂದು ತೋಚದೆ ಅಲೆಯುತ್ತಿದ್ದಾಗ ಎರ್ನಾಕುಲಂನ ನಂದಾದೀಪ ಕನ್ನಡ ಬಳಗದವರು ಅವನನ್ನು ಕರೆದು ಇಟ್ಟುಕೊಂಡರು. ಅಡುಗೆಯೂ ಅವನದೇ, ಕಾವಲೂ ಅವನದೇ. ಸಭಾಂಗಣದ ಹಿಂದೆ ಅಡುಗೆಮನೆ, ಅದರ ಮೇಲೊಂದು ಕೋಣೆ, ಹಿತ್ತಲಲ್ಲಿ ಒಂದು ನಲ್ಲಿ. ಬಳಗದವರೆಲ್ಲ ಬ್ಯಾಂಕಿನವರು, ಕೇಂದ್ರ ಸರ್ಕಾರದ ಕಚೇರಿಯವರು. ಭಾನುವಾರ ಬಂದು ಕನ್ನಡ ಸಾಯುತ್ತಿದೆ ಎಂದು ಮೈಕಿನಲ್ಲಿ ಗೋಳಾಡಿ, ಆಮೇಲೆ ಹೊರಗೆ ಹೋಗಿ ತಮ್ಮ ಮಕ್ಕಳನ್ನು ಮಲಯಾಳದಲ್ಲಿ ಬೈದು ಕಾರು ಹತ್ತಿಸುತ್ತಿದ್ದರು. ಮಕ್ಕಳಿಗೆ ಕನ್ನಡ ಅರ್ಥವಾಗುತ್ತಿತ್ತು, ಓದಲು ಮಾತ್ರ ಒಂದಕ್ಷರವೂ ಬರುತ್ತಿರಲಿಲ್ಲ. ರಮ್ಯಶ್ರೀಯೂ ಹಾಗೆಯೇ ಬೆಳೆದಳು. ಅಪ್ಪ ಕನ್ನಡದಲ್ಲಿ ಕೇಳಿದರೆ ಅವಳು ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು.

ಬಳಗದ ಆಸ್ತಿ ಎಂದರೆ ಒಂದು ಕಂಚಿನ ಉರುಳಿ, ಅಗಲ ಬಾಯಿಯ ದೊಡ್ಡ ಪಾತ್ರೆ. ಕಂಚುಗಾರರ ಊರು ಮಾನ್ನಾರಿನಲ್ಲಿ ಎರಕ ಹೊಯ್ಯಿಸಿದ್ದು, ಎತ್ತಲು ನಾಲ್ಕು ಆಳು ಬೇಕು. ಹಬ್ಬದ ಪಾಯಸ ಅದರಲ್ಲೇ ಆಗಬೇಕು. ಅಧ್ಯಕ್ಷ ಯಶವಂತ್ ಮೈಸೂರಿನವರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆ. ತಾಯಿ ತೀರಿಕೊಂಡ ವರ್ಷ ಅದನ್ನು ಬಳಗಕ್ಕೆ ದಾನ ಕೊಟ್ಟು, ಅಂಚಿನ ಸುತ್ತ ಕನ್ನಡದಲ್ಲಿ ಕೆತ್ತಿಸಿದ್ದರು: ‘ದಿ. ಸುಮಿತ್ರಮ್ಮನವರ ನೆನಪಿಗೆ ನಂದಾದೀಪ ಕನ್ನಡ ಬಳಗಕ್ಕೆ.’ ಉಗ್ರಾಣದ ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ, ಯಶವಂತರಲ್ಲಿ ಒಂದು, ಸುಬ್ರಾಯನಲ್ಲಿ ಒಂದು.

ಒಂದು ಯುಗಾದಿಯ ಬೆಳಿಗ್ಗೆ ಸುಬ್ರಾಯ ಬಾಗಿಲು ತೆರೆದರೆ ಉರುಳಿ ಇಲ್ಲ. ಹಿಂದಿನ ವಾರವಿಡೀ ಅವನು ಊರಿನಲ್ಲಿ ಅಕ್ಕನ ಮನೆಯ ಕಾರ್ಯಕ್ಕೆ ಹೋಗಿದ್ದ. ಓಡಿ ಹೋಗಿ ಹೇಳಿದ್ದೂ ಅವನೇ. ಅಂಗಳದಲ್ಲಿ ಬೇವು ಬೆಲ್ಲ ಹಂಚುತ್ತಿದ್ದವರು ಒಳಗೆ ನುಗ್ಗಿದರು. ಬೇರೆ ಯಾರೂ ಬಾಯಿ ಬಿಡುವ ಮೊದಲೇ ಯಶವಂತರ ಕೈ ಸುಬ್ರಾಯನ ಕೆನ್ನೆಗೆ ಬಿತ್ತು.

“ನನ್ನ ತಾಯಿ ಹೆಸರಿದ್ದ ಪಾತ್ರೆ ಕಣೋ ಅದು! ಎಲ್ಲಿ ಮಾರ್ದೆ, ಬೊಗಳು!”

“ದೇವ್ರಾಣೆ ನಂಗೆ ಗೊತ್ತಿಲ್ಲ, ಸರ್. ನಾನು ಊರಲ್ಲಿದ್ದೆ.”

ಮೊದಲ ಏಟು ಬಿದ್ದಮೇಲೆ ಎರಡನೆಯದಕ್ಕೆ ಯಾರಿಗೂ ಸಂಕೋಚ ಇರಲಿಲ್ಲ. ಇಸ್ತ್ರಿ ಮಾಡಿದ ರೇಷ್ಮೆ ಶಲ್ಯದವರು, ಜೀವಮಾನದಲ್ಲಿ ಸೊಳ್ಳೆಗಿಂತ ದೊಡ್ಡದೇನನ್ನೂ ಹೊಡೆಯದವರು, ಅಂದು ಮನಸಾರೆ ಹೊಡೆದರು. ಯೋಗ ಶಿಬಿರ ನಡೆಸುವ ಮೋಹನ ಶಾಮಿಯಾನದ ಕಬ್ಬಿಣದ ಗಳವನ್ನೇ ಎತ್ತಿಕೊಂಡು ಬಂದ. ಒಬ್ಬ ಕೂದಲು ಹಿಡಿದು ತಲೆಯನ್ನು ಒಲೆಯ ಕಟ್ಟೆಗೆ ಜಜ್ಜಿದ. ಸುಬ್ರಾಯ ಮುಖಕ್ಕೆ ಅಡ್ಡ ಹಿಡಿದ ಬಲಗೈಯ ಮೇಲೆ ಗಳ ಬಿದ್ದು ಮಣಿಕಟ್ಟು ಲಟಕ್ಕೆಂದಿತು. ಬಾಯಲ್ಲಿ ರಕ್ತ ತುಂಬಿತ್ತು. ಆದರೂ ಅವನು ಇಲ್ಲ ಎಂದೇ ಹೇಳುತ್ತಿದ್ದ. ಕಾರ್ಯದರ್ಶಿ ಶ್ಯಾಮ ಕಾಸರಗೋಡಿನವನೇ, ಸುಬ್ರಾಯನ ಪಕ್ಕದ ಊರಿನವ. ಅವನು ಗೋಡೆಗೆ ಒರಗಿ ನಿಂತು “ಸಾಕು, ಸಾಕು” ಎಂದು ಯಾರಿಗೂ ಕೇಳಿಸದ ಹಾಗೆ ಹೇಳುತ್ತಿದ್ದ. ಹೇಡಿಗಳ ನ್ಯಾಯ ಯಾವಾಗಲೂ ಇಷ್ಟೇ.

ಆಗ ಮೋಹನ ಬಗ್ಗಿ ಮೆಲ್ಲಗೆ ಅಂದ: “ಇವನು ಬಾಯಿ ಬಿಡಲ್ಲ. ಮಗಳನ್ನ ಕೇಳೋಣ. ಅವಳಿಗೂ ಎರಡು ಬಿದ್ರೆ ಗೊತ್ತಾಗತ್ತೆ.” ಹಾಗೆಂದವನೇ ಗಳ ಹಿಡಿದು ಹಿತ್ತಲ ಬಾಗಿಲ ಕಡೆ ತಿರುಗಿದ. ಹೊರಗೆ ನಲ್ಲಿಯ ಹತ್ತಿರ ರಮ್ಯಶ್ರೀ ಕಿವಿ ಮುಚ್ಚಿಕೊಂಡು ನಿಂತಿದ್ದಳು. ಹತ್ತನೇ ಕ್ಲಾಸಿನ ಹುಡುಗಿ. ಮೋಹನನ ಮಾತು ಅವಳಿಗೆ ಕೇಳಿಸಿರಲಿಲ್ಲ.

“ನಾನೇ ತೆಗೆದದ್ದು!” ಎಂದು ಸುಬ್ರಾಯ ಗಂಟಲು ಹರಿಯುವ ಹಾಗೆ ಕಿರುಚಿದ. “ನಾನೇ ತೆಗೆದದ್ದು, ಗುಜರಿಗೆ ಹಾಕಿದ್ದು! ಬಿಟ್ಟುಬಿಡಿ!”

ಅದು ಮಾತ್ರ ಅವಳಿಗೆ ಕೇಳಿಸಿತು.

ಬಳಗದ ಮರ್ಯಾದೆ ಹೋಗುತ್ತದೆಂದು ಪೊಲೀಸರನ್ನು ಕರೆಯಲಿಲ್ಲ. ಅಪ್ಪ ಮಗಳಿಬ್ಬರನ್ನೂ ಅಂದೇ ಹೊರಗೆ ಹಾಕಿದರು, ಅಷ್ಟೆ. ಆಸ್ಪತ್ರೆಯಲ್ಲಿ ಸುಬ್ರಾಯ ಮೆಟ್ಟಿಲಿಂದ ಬಿದ್ದೆ ಎಂದ. ಮಗಳು ಪಕ್ಕದಲ್ಲಿ ಕೂತಿದ್ದಳು, ಒಂದು ಮಾತೂ ಕೇಳಲಿಲ್ಲ. ಅವನು ಹೇಳಬಹುದಿತ್ತು. ಆದರೆ ಹೇಗೆ ಹೇಳುವುದು? ನಿನ್ನನ್ನು ಉಳಿಸಲು ಕಳ್ಳನಾದೆ ಎಂದರೆ ಆ ಹೊರೆಯನ್ನು ಹುಡುಗಿ ಸಾಯುವವರೆಗೂ ಹೊರಬೇಕು. ಅವನು ಬಾಯಿ ಮುಚ್ಚಿಕೊಂಡ.

ತಿರುವನಂತಪುರದಲ್ಲಿ ಕರ್ನಾಟಕದ ನೌಕರರು ಸೇರಿ ನಡೆಸುವ ಒಂದು ಮೆಸ್ಸಿನಲ್ಲಿ ಕೆಲಸ ಸಿಕ್ಕಿತು. ಮಗಳು ಎರ್ನಾಕುಲಂನಲ್ಲೇ ಹಾಸ್ಟೆಲಿನಲ್ಲಿದ್ದು ಓದಿ ಮುಗಿಸಿ, ಅಲ್ಲೇ ಕಾಕ್ಕನಾಡಿನ ಕಂಪನಿ ಸೇರಿದಳು. ವಾರಕ್ಕೊಮ್ಮೆ ಫೋನು ಮಾಡಿ “ಊಣ್ ಕಳಿಞ್ಞೋ ಅಪ್ಪಾ?” ಎಂದು ಊಟ ವಿಚಾರಿಸುತ್ತಿದ್ದಳು. ಊಟದ ಆಚೆಗೆ ಮಾತು ಹೋಗುತ್ತಿರಲಿಲ್ಲ. ಶಾಲೆಯಲ್ಲಿ ಬಳಗದವರ ಹುಡುಗನೊಬ್ಬ ಕಳ್ಳನ ಮಗಳು ಎಂದಾಗ ಅವಳು ಅವನ ಹಲ್ಲು ಉದುರಿಸಿದ್ದಳಂತೆ. ಅದು ಸುಬ್ರಾಯನಿಗೆ ಬೇರೆಯವರಿಂದ ತಿಳಿಯಿತು. ಅವನ ಬಲಗೈ ಸೊಟ್ಟಗೆ ಕೂಡಿಕೊಂಡಿತ್ತು. ಎಡಗೈಯಲ್ಲಿ ಸೌಟು ಹಿಡಿಯಲು ಕಲಿತ. ಚಪಾತಿ ಹಿಟ್ಟು ನಾದುವಾಗ ಅದು ಯಶವಂತರ ಮುಖ ಎಂದುಕೊಂಡು ಗುದ್ದುತ್ತಿದ್ದ. ಆ ಮನುಷ್ಯನನ್ನು ಅವನು ದ್ವೇಷಿಸುತ್ತಿದ್ದ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ ಯಶವಂತರೇ ಕಳ್ಳ ಎಂದು ಅವನಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ತಾಯಿಯ ಹೆಸರಿನ ಪಾತ್ರೆಯನ್ನು ಯಾರಾದರೂ ಕದಿಯುತ್ತಾರೆಯೇ?

ವರ್ಷಗಳು ಕಳೆದವು. ಈ ಸಲದ ಓಣಂ ಮುಗಿದ ವಾರ ಶ್ಯಾಮನಿಂದ ಫೋನಿಗೆ ಒಂದು ವಿಡಿಯೊ ಬಂತು, ಮಾತಿಲ್ಲ ಕತೆಯಿಲ್ಲ. ಯಶವಂತರ ಮಗ ಅಭಿಜಿತ್ ಮಸ್ಕತ್ತಿನಲ್ಲಿ ನಡೆಸುವ ಹೋಟೆಲು. ನಮ್ಮ ಕಣ್ಣಿಗೆ ಹಳೆಯದಾದದ್ದೆಲ್ಲ ಅಲ್ಲಿ ಅಲಂಕಾರ. ಕೆಎಲ್-07 ನಂಬರಿನ ಒಂದು ಇಡೀ ಆಟೊರಿಕ್ಷಾವನ್ನು ಹಡಗಿನಲ್ಲಿ ತರಿಸಿ ಊಟದ ಹಜಾರದ ಮಧ್ಯೆ ನಿಲ್ಲಿಸಿದ್ದ. ಬಿಳಿ ಉಡುಪಿನ ಅರಬರು ಅದರಲ್ಲಿ ಕೂತು ಬಿರಿಯಾನಿ ತಿನ್ನುತ್ತಿದ್ದರು. ಗೋಡೆಗೆ ಮೀನಿನ ಪೆಟ್ಟಿಗೆ ಕಟ್ಟಿದ ಸೈಕಲ್ಲು ನೇತಾಡುತ್ತಿತ್ತು. ಕ್ಷೌರದಂಗಡಿಯ ಮರದ ಕುರ್ಚಿಯಲ್ಲಿ ಒಂದು ಮಗು ಐಸ್‌ಕ್ರೀಮು ನೆಕ್ಕುತ್ತಿತ್ತು. ಬಾಗಿಲಲ್ಲಿ ನೀರು ತುಂಬಿ ಗುಲಾಬಿ ತೇಲಿಬಿಟ್ಟ ದೊಡ್ಡ ಉರುಳಿ. ಅಭಿಜಿತ್ ಅದರ ಅಂಚಿನ ಮೇಲೆ ಬೆರಳಾಡಿಸುತ್ತಾ, ಹಳೆ ಕಾಲದ ಯಾವುದೋ ಲಿಪಿ ಎಂದು ಮಲಯಾಳದಲ್ಲಿ ಹೆಮ್ಮೆಯಿಂದ ವಿವರಿಸುತ್ತಿದ್ದ. ಸ್ವಂತ ಅಜ್ಜಿಯ ಹೆಸರು! ಆ ವಿಡಿಯೊವನ್ನು ಅವನೇ ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಯಶವಂತರು ಗಾಬರಿಯಿಂದ ಅಳಿಸುವಷ್ಟರಲ್ಲಿ ಶ್ಯಾಮ ಇಳಿಸಿಕೊಂಡಿದ್ದ.

ಸುಬ್ರಾಯ ಚಿತ್ರವನ್ನು ಹಿಗ್ಗಿಸಿ ಅಕ್ಷರ ಓದಿದ. ಒಲೆಯ ಮೇಲಿದ್ದ ಅನ್ನ ಸೀದು ಹೋಯಿತು.

“ನೋಡಿದ್ಯಾ ಸುಬ್ರಾಯ?” ಎಂದು ಶ್ಯಾಮ ಫೋನು ಮಾಡಿದ. “ನಮ್ಮ ಕಮಿಟಿಯವ್ರಿಗೂ ಗೊತ್ತಾಗಿದೆ. ದೊಡ್ಡ ಗಲಾಟೆ ಬೇಡ ಅಂತ. ರಾಜ್ಯೋತ್ಸವಕ್ಕೆ ನಿಂಗೊಂದು ಸನ್ಮಾನ ಮಾಡುವ ಅಂತ ತೀರ್ಮಾನ ಆಗಿದೆ.”

ಹೊರನಾಡ ಕನ್ನಡಿಗರ ಹತ್ತಿರ ಸಕಲ ರೋಗಕ್ಕೂ ಇರುವ ಮದ್ದು ಇದೊಂದೇ, ಶಾಲು, ಪೇಟ, ಹಣ್ಣಿನ ಬುಟ್ಟಿ. ಸುಬ್ರಾಯನಿಗೆ ನಗು ಬಂತು, ಹಿಂದೆಯೇ ಉರಿಯೂ ಬಂತು.

“ಶಾಲು ಎಂತಕ್ಕೆ ಮಾರಾಯ? ನನ್ನ ಮಗಳು ಎದುರು ಕೂತಿರ್ತಾಳೆ. ಉರುಳಿ ತೆಗೆದದ್ದು ಸುಬ್ರಾಯ ಅಲ್ಲ ಅಂತ ಯಶವಂತ್ ಸರ್ ಮೈಕಿನಲ್ಲಿ ಹೇಳ್ಬೇಕು. ಒಂದೇ ಮಾತು. ಹೇಳ್ತಾರಾ?”

ಯಶವಂತರು ಹೇಳುತ್ತಾರಂತೆ ಎಂದು ಶ್ಯಾಮ ಮರುದಿನ ತಿಳಿಸಿದ.

ವಿಡಿಯೊವನ್ನು ಮಗಳಿಗೇ ಕಳಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅವನು ಕಳಿಸಲು ಹೋಗಿ ಬಿಟ್ಟ. ಅವಳು ಕೇಳಿಸಿಕೊಂಡದ್ದು ಅಪ್ಪನ ಬಾಯಿಂದ ಬಂದ ಮಾತು. ಅದನ್ನು ಅಳಿಸಲು ಇನ್ನೊಂದು ಬಾಯಿಂದ ಮಾತೇ ಬರಬೇಕು ಎಂದು ಅವನ ಹಟ.

ನವೆಂಬರ್ ಒಂದು ಕೇರಳದ ಹುಟ್ಟುಹಬ್ಬವೂ ಹೌದು. ರಸ್ತೆಯ ತುಂಬ ಬಂಗಾರದಂಚಿನ ಕಸವು ಸೀರೆ, ಮುಂಡು. ಒಳಗೆ ಹಳದಿ ಕೆಂಪು ಬಾವುಟ. “ಆ ಹಾಳಿಲೇಕ್ಕ್ ಞಾನ್ ವರಿಲ್ಲ,” ಆ ಸಭಾಂಗಣಕ್ಕೆ ನಾನು ಬರುವುದಿಲ್ಲ ಎಂದಿದ್ದ ರಮ್ಯಶ್ರೀ ಕೊನೆಯ ಸಾಲಿನಲ್ಲಿ ಬಂದು ಕೂತಿದ್ದನ್ನು ಸುಬ್ರಾಯ ವೇದಿಕೆಯಿಂದ ನೋಡಿದ.

ಯಶವಂತರು ಶಾಲು ಹೊದಿಸಿದರು, ಪೇಟ ತೊಡಿಸಿದರು, ಮೈಕು ಹಿಡಿದರು. “ನಮ್ಮ ಸುಬ್ರಾಯನ ಕೈರುಚಿ ಮರೆಯೋಕೆ ಸಾಧ್ಯವಾ? ಮನುಷ್ಯ ಅಂದಮೇಲೆ ತಪ್ಪು ಮಾಡ್ತಾನೆ. ಬಳಗ ಅದನ್ನೆಲ್ಲ ಕ್ಷಮಿಸಿದೆ. ಅದೇ ಕನ್ನಡಿಗರ ದೊಡ್ಡ ಗುಣ!”

ಚಪ್ಪಾಳೆ ಬಿತ್ತು. ಸುಬ್ರಾಯ ಕೊನೆಯ ಸಾಲಿನ ಕಡೆ ನೋಡಿದ. ಮಗಳು ತಲೆ ತಗ್ಗಿಸಿದ್ದಳು.

“ಹೇಳಿ ಸರ್,” ಎಂದ ಅವನು. “ಹೇಳ್ತೇನೆ ಅಂದಿದ್ರಲ್ಲ.”

“ಹಳೇದೆಲ್ಲ ಬಿಡಯ್ಯಾ,” ಎಂದು ಯಶವಂತರು ನಗುತ್ತಾ ಅವನ ಭುಜ ತಟ್ಟಿದರು.

ಸುಬ್ರಾಯನ ಎಡಗೈ ಎದ್ದಿತು. ಇಷ್ಟು ವರ್ಷ ಹಿಟ್ಟು ಗುದ್ದಿದ ಕೈ. ಯಶವಂತರ ಮೂಗಿನ ಎಲುಬು ಮುರಿದ ಸದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಅವರು ಹಿಂದಕ್ಕೆ ಬಿದ್ದು ಹಣ್ಣಿನ ಬುಟ್ಟಿಯ ಮೇಲೆ ಕುಸಿದರು. ಸುಬ್ರಾಯ ಬಗ್ಗಿ ಇನ್ನೊಂದು ಬಿಟ್ಟ, ಮತ್ತೊಂದು ಬಿಟ್ಟ. ಬಿಳಿ ಜುಬ್ಬಾದ ಎದೆಯೆಲ್ಲ ರಕ್ತವಾಯಿತು. ಖುಷಿಯಾಯಿತು ಅವನಿಗೆ, ಸುಳ್ಳೇಕೆ ಹೇಳಬೇಕು. ಅಷ್ಟರಲ್ಲಿ ಮೋಹನನೂ ಇನ್ನು ನಾಲ್ವರೂ ಮೇಲೆ ಬಿದ್ದು ಅವನನ್ನು ಕೆಡವಿ ಒದೆಯತೊಡಗಿದರು. ಪೇಟ ಉರುಳಿ ಹೋಯಿತು. ಬೂಟುಕಾಲು ಪಕ್ಕೆಗೆ ಬಿತ್ತು, ದವಡೆಗೆ ಬಿತ್ತು.

“ಕಳ್ಳ ನನ್ಮಗನೆ! ಸನ್ಮಾನ ಮಾಡಿದ್ರೆ ಹೊಡೀತೀಯಾ?”

“ನಾನು ತೆಗೆದದ್ದಲ್ಲ,” ಎಂದ ಸುಬ್ರಾಯ. ಒದೆ ಬಿತ್ತು. “ನಾನು ತೆಗೆದದ್ದಲ್ಲ.” ಒದ್ದಷ್ಟು ಸಲವೂ ಅದನ್ನೇ ಹೇಳಿದ.

ಹಠಾತ್ತನೆ ಮೋಹನ “ಅಯ್ಯೋ” ಎಂದು ಮಗ್ಗುಲಾದ. ರಮ್ಯಶ್ರೀ ಪ್ಲಾಸ್ಟಿಕ್ ಕುರ್ಚಿಯನ್ನು ಅವನ ಬೆನ್ನ ಮೇಲೆ ಮುರಿದಿದ್ದಳು. ಅದರ ಮುರಿದ ಕಾಲನ್ನೇ ಎರಡೂ ಕೈಯಲ್ಲಿ ಹಿಡಿದು ಅಪ್ಪನ ಮೇಲೆ ಅಡ್ಡ ನಿಂತಳು. ಮುಂದೆ ಬಂದ ಇನ್ನೊಬ್ಬನ ಹಣೆ ಒಡೆಯಿತು. ಅಪ್ಪ ಕಳ್ಳನೇ ಎಂದು ಅವಳು ಆ ಕ್ಷಣದವರೆಗೂ ನಂಬಿದ್ದಳು, ನಂಬಿಕೊಂಡೇ ಹೊಡೆಯುತ್ತಿದ್ದಳು.

ನೆಲದಲ್ಲಿ ಬಿದ್ದಿದ್ದ ಯಶವಂತರು ಮೂಗು ಹಿಡಿದುಕೊಂಡು ಕೂಗಾಡತೊಡಗಿದರು. ಪಕ್ಕದಲ್ಲೇ ಮೈಕು ಬಿದ್ದಿತ್ತು, ಅದನ್ನು ಯಾರೂ ಆರಿಸಿರಲಿಲ್ಲ. “ನಮ್ಮಮ್ಮನ ಉರುಳಿ ಕಣೋ ಅದು! ನಾನು ಕೊಟ್ಟಿದ್ದು, ನಾನು ತಗೊಂಡೆ, ನನ್ನ ಮಗನಿಗೆ ಕಳಿಸ್ದೆ! ಕೇಳೋಕೆ ನೀನ್ಯಾವನೋ, ಅಡುಗೆಯವನು?”

ಸಭಾಂಗಣದ ನಾಲ್ಕು ಮೂಲೆಯ ಸ್ಪೀಕರುಗಳಿಂದ ಆ ಮಾತು ಬಂತು. ಕನ್ನಡ ಓದಲು ಬಾರದ ಮಕ್ಕಳಿಗೂ ಅರ್ಥವಾಯಿತು. ಒದೆಯುತ್ತಿದ್ದ ಕಾಲುಗಳು ನಿಂತವು. ಯಾರೋ ಹೆಂಗಸು ಥೂ ಎಂದಳು. ಶ್ಯಾಮ ಮೈಕು ಆರಿಸಲು ಈಗ ಓಡಿ ಬಂದ.

ರಮ್ಯಶ್ರೀ ಅಪ್ಪನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ ಹಿತ್ತಲಿಗೆ ಕರೆದುಕೊಂಡು ಹೋದಳು. ಪೊಲೀಸರಿಗೆ ಫೋನು ಮಾಡಿ ಎಂದು ಒಳಗೆ ಯಾರೋ ಕೂಗುತ್ತಿದ್ದರು. ಮಾಡಲಿ ಎಂದುಕೊಂಡ ಸುಬ್ರಾಯ. ಹೊಡೆದದ್ದು ನಿಜ, ಕೇಳಿದರೆ ಹೌದು ಎನ್ನುತ್ತೇನೆ. ಅವಳು ನಲ್ಲಿ ತಿರುಗಿಸಿ, ಅವನ ಬಾಯಿ ತೊಳೆದು, ತನ್ನ ದುಪ್ಪಟ್ಟಾದಿಂದ ಮುಖ ಒರೆಸಿದಳು. ಆಮೇಲೆ ಕೇಳಿದಳು, ಅಪ್ಪನ ಭಾಷೆಯಲ್ಲೇ, ಮಾತು ಹುಡುಕಿ ಹುಡುಕಿ.

“ಅಪ್ಪಾ, ಮತ್ತೆ ಅವತ್ತು ನೀವು ಯಾಕೆ ಹೌದು ಅಂತ ಹೇಳಿದ್ದು?”

ಸುಬ್ರಾಯ ಮಗಳ ಮುಖ ನೋಡಿದ. ಮೋಹನ ಗಳ ಹಿಡಿದು ಅವಳ ಕಡೆ ತಿರುಗಿದ್ದು ಅವನ ಕಣ್ಣ ಮುಂದೆ ಬಂದು ಹೋಯಿತು.

“ಪೆಟ್ಟು ತಾಳ್ಲಿಕ್ಕೆ ಆಗ್ಲಿಲ್ಲ, ಮಗಾ,” ಎಂದ.