ಥಂಡಿ ತಡೆಯಲಾರದೆ ಬಂದಳಂತೆ

ಡಿಸೆಂಬರಿನ ಬೆಳಗಿನಲ್ಲಿ ಅಕ್ಕನ ಬೆನ್ನು ಯಾವಾಗಲೂ ಒದ್ದೆಯಾಗಿರುತ್ತಿತ್ತು. ತಣ್ಣೀರನ್ನು ತಲೆಗೆ ಸುರಿದುಕೊಂಡು, ಕೂದಲನ್ನು ಹಿಂಡದೆ ಹಾಗೇ ಇಳಿಬಿಟ್ಟು, ಮಾಳಿಗೆಯ ಗೋಡೆಗೆ ಒರಗಿ ಪುಸ್ತಕ ಹಿಡಿದಿರುತ್ತಿದ್ದಳು. ನೀರು ತೊಟ್ಟಿಕ್ಕಿ ಕುರ್ತಾದ ಬೆನ್ನೆಲ್ಲ ಕಪ್ಪಾಗುತ್ತಿತ್ತು. ಕುಷ್ಟಗಿಯ ಆ ಹೊತ್ತಿನ ಗಾಳಿಗೆ ಹಾಲಿನವನು ಕಿವಿಗೆ ಟವೆಲ್ ಸುತ್ತಿಕೊಂಡು ಬರುತ್ತಿದ್ದ. ನಮ್ಮಪ್ಪ ಮಂಕಿ ಟೋಪಿ ತೆಗೆಯದೆ ಚಹಾ ಕುಡಿಯುತ್ತಿದ್ದ. “ನೆಗಡಿ ಆಕ್ಕೈತಿ, ತಲಿ ಒರಸ್ಕೋ” ಎಂದು ಅವಳವ್ವ ಕೆಳಗಿನಿಂದ ಕೂಗಿದರೆ, “ನೆಗಡಿಗೆ ನನ್ನ ಮನಿ ಗೊತ್ತಿಲ್ಲ, ಸುಮ್ನಿರಬೇ” ಎನ್ನುತ್ತಿದ್ದಳು.

ಇಂಥವಳು ಜರ್ಮನಿಯಲ್ಲಿ ಥಂಡಿ ತಡೆಯಲಾರದೆ ಓದು ಬಿಟ್ಟು ಬಂದಳಂತೆ. ಓಣಿ ಹೇಳುತ್ತದೆ, ಅವಳ ಅಪ್ಪ ಹೇಳುತ್ತಾರೆ, ಕೊಪ್ಪಳದ ನಮ್ಮ ಕಾಲೇಜೂ ಹೇಳುತ್ತದೆ. ಇಷ್ಟು ಮಂದಿ ಒಂದೇ ಮಾತು ಹೇಳಿದಾಗ ನನಗೆ ಮೊದಲು ಬರುವುದು ಅನುಮಾನ. ಆ ಚಟ ನನಗೆ ಹಚ್ಚಿದವಳೂ ಅಕ್ಕನೇ.

ಅವಳು ನನ್ನ ಸ್ವಂತ ಅಕ್ಕ ಅಲ್ಲ. ಪಕ್ಕದ ಮನೆಯವಳು. ಅವಳಪ್ಪನದು ಬಸ್ ನಿಲ್ದಾಣದ ಹತ್ತಿರ ರಸಗೊಬ್ಬರದ ಅಂಗಡಿ. ಎರಡೂ ಮನೆಯ ಮಾಳಿಗೆಗೆ ನಡುವೆ ಮೊಣಕಾಲೆತ್ತರದ ಗೋಡೆ. ಅದನ್ನು ದಾಟಿ ಹೋಗಿ ನಾನು ಮಾತು ಕಲಿತೆ. ಅವಳು ಹುರಿದ ಶೇಂಗಾ ತಿನ್ನುತ್ತ ಕೂರುತ್ತಿದ್ದಳು. ನನ್ನ ವಾದ ಸಡಿಲಾದಾಗೆಲ್ಲ ಸಿಪ್ಪೆ ನನ್ನ ಮುಖಕ್ಕೆ ಬೀಳುತ್ತಿತ್ತು. ಒಮ್ಮೆ ತಾಲ್ಲೂಕು ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಹುಡುಗಿಯ ಮಾತನ್ನು ಅಣಕಿಸಿ ಚಪ್ಪಾಳೆ ಗಿಟ್ಟಿಸಿದ್ದೆ, ಬಹುಮಾನವೂ ಬಂದಿತ್ತು. ಕಪ್ ಹಿಡಿದು ಮಾಳಿಗೆಗೆ ಓಡಿದರೆ ಅಕ್ಕ ಅದನ್ನು ಮುಟ್ಟಲೂ ಇಲ್ಲ.

“ಅಕಿ ಮಾತನ್ನ ಅಕಿಗಿಂತ ಛಂದ ಹೇಳಬೇಕು ನೀ. ಆಮ್ಯಾಲೆ ಮುರೀಬೇಕು. ಅರ್ಧಾ ಮಾತು ಹಿಡಕೊಂಡು ಗೆದ್ದರ ಅದು ಕಳವು ಲೇ.”

ಇವತ್ತಿಗೂ ನಾನು ಬಾಯಿ ತೆರೆಯುವ ಮುಂಚೆ ಆ ಸಿಪ್ಪೆಗೆ ಹೆದರುತ್ತೇನೆ.

ಹಾಗಾಗಿ ನಮ್ಮ ಮೆಕ್ಯಾನಿಕಲ್ ವಿಭಾಗದ ಮುಖ್ಯಸ್ಥರ ಮಾತನ್ನು ಅವರಷ್ಟೇ ಚೆನ್ನಾಗಿ ಹೇಳಲು ಪ್ರಯತ್ನಿಸುತ್ತೇನೆ. ನಮ್ಮಲ್ಲಿ ಒಂದು ವಿಷಯ ಫೇಲಾಗುವುದಕ್ಕೆ ‘ಬ್ಯಾಕ್’ ಎನ್ನುತ್ತಾರೆ. ಬ್ಯಾಕ್ ಎಂದರೆ ಸಣ್ಣವರಿದ್ದಾಗ ಬರುವ ಗೋಬರ-ದಡಾರದ ಹಾಗೆ, ಎಲ್ಲರಿಗೂ ಒಮ್ಮೆ ಬರುತ್ತದೆ, ಹೋಗುತ್ತದೆ. ಮೊದಲ ಬ್ಯಾಕ್ ಬಂದವರು ಗೆಳೆಯರಿಗೆಲ್ಲ ಒಗ್ಗರಣಿ ಮಿರ್ಚಿ ಕೊಡಿಸಬೇಕೆಂಬ ಪದ್ಧತಿಯೇ ಇದೆ. ತಯಾರಿ ಇರಲಿ ಬಿಡಲಿ, ಪರೀಕ್ಷೆಗೆ ಕೂರಬೇಕು. ಪ್ರಶ್ನೆಪತ್ರಿಕೆಯ ಮುಖ ನೋಡಿ ಬರಬೇಕು. ಉಳಿದದ್ದು ಮುಂದಿನ ಸಲ. ಹೀಗೆ ದಾಟಿದವರು ಇವತ್ತು ಸೇತುವೆ ಕಟ್ಟುತ್ತಿದ್ದಾರೆ, ಕಾರ್ಖಾನೆ ನಡೆಸುತ್ತಿದ್ದಾರೆ. ಹಳ್ಳಿಯಿಂದ ಹೆದರಿ ಬಂದ ಮಕ್ಕಳನ್ನು ಸರ್ ಇದೇ ಮಾತಿನಿಂದ ಎತ್ತಿ ನಿಲ್ಲಿಸಿದ್ದಾರೆ. ಅವರು ಕೆಟ್ಟವರಲ್ಲ. ತಮ್ಮ ಹತ್ತಿರ ಓದಿದ ಅಕ್ಕನಿಗೆ ಶಿಫಾರಸು ಬರೆದುಕೊಟ್ಟು, ಬೆಂಗಳೂರಿನ ತನಕ ಹೋಗಿ ಬೀಳ್ಕೊಟ್ಟವರೂ ಅವರೇ.

ಜರ್ಮನಿಯಲ್ಲಿ ಮೊದಲ ಪರೀಕ್ಷೆ ಹತ್ತಿರ ಬಂದಾಗ ಕಂಟ್ರೋಲ್ ಎಂಬ ವಿಷಯ ಅಕ್ಕನ ತಲೆಗೆ ಹತ್ತಿರಲಿಲ್ಲ. ಸರ್‌ಗೆ ಫೋನ್ ಮಾಡಿದಳು. ಸರ್ ಹೇಳಿದ್ದು: “ಸುಮ್ಮನ ಕುಂತು ನೋಡವಾ. ಪೇಪರ್ ಹೆಂಗ ಬರತೈತಿ ಗೊತ್ತಾಗತೈತಿ.”

ಅಕ್ಕ ಕೂತು ನೋಡಿದಳು. ಫೇಲಾದಳು. ನನಗೆ ಫೋನ್ ಮಾಡಿ ನಗುತ್ತಲೇ ಹೇಳಿದಳು, “ಮಿರ್ಚಿ ಕೊಡಸಬೇಕಾಗೈತಿ, ಈ ಊರಾಗ ಎಲ್ಲಿ ತರ್ಲಿ?” ಮರುವಾರದ ಫೋನಿನಲ್ಲಿ ನಗು ಇರಲಿಲ್ಲ. ಜೊತೆಯ ಜರ್ಮನ್ ಹುಡುಗಿಗೆ ಇದನ್ನೇ ತಮಾಷೆಯಾಗಿ ಹೇಳಲು ಹೋಗಿದ್ದಳಂತೆ. ಆ ಹುಡುಗಿ ಗಾಬರಿಯಾಗಿ, ತಯಾರಿ ಇಲ್ಲದೆ ಯಾಕೆ ಬರೆದೆ ಎಂದು ಕೇಳಿದಳಂತೆ.

“ತಯಾರಿ ಇಲ್ಲಾಂದ್ರ ಇಲ್ಲಿ ಮೊದ್ಲ ಹೆಸರು ವಾಪಸ್ ತಗೋತಾರಂತ ತಂಗಿ. ಯಾರೂ ಏನೂ ಅನ್ನಂಗಿಲ್ಲಂತ. ಬರದು ಫೇಲ್ ಆದ್ರ ಅದು ಲೆಕ್ಕಕ್ಕ ಹಿಡೀತೈತಿ. ಮೂರು ಸಲ ಅಷ್ಟ.”

“ಆಮ್ಯಾಲೆ?”

“ಆಮ್ಯಾಲೆ ಏನಿಲ್ಲ. ಕೋರ್ಸಿನಿಂದ ತಗದು ಹಾಕ್ತಾರ. ಈ ದೇಶದಾಗ ಬ್ಯಾರೆ ಎಲ್ಲೂ ಇದನ್ನ ಓದಂಗಿಲ್ಲ.”

ಆ ನಿಯಮ ಬಚ್ಚಿಟ್ಟದ್ದೇನೂ ಅಲ್ಲ. ಸೇರುವಾಗ ಕೊಟ್ಟ ಕಾಗದದಲ್ಲೇ ಇತ್ತಂತೆ. ಆದರೆ ನಾವು ನಿಯಮ ಓದುವ ಜನವೇ ಅಲ್ಲ, ದಾಟಿದವರ ಮಾತು ನಂಬುವ ಜನ.

ಎರಡನೆಯ ಸಲ ಅವಳು ಮಾಡಿದ್ದೂ ನಮ್ಮ ಪದ್ಧತಿಯನ್ನೇ. ಹಳೆಯ ಪ್ರಶ್ನೆಪತ್ರಿಕೆಗಳನ್ನೆಲ್ಲ ಗುಡ್ಡೆ ಹಾಕಿ, ಬರಬಹುದಾದವನ್ನು ಆರಿಸಿ, ಉರು ಹೊಡೆದಳು. ಅಲ್ಲಿ ಪುಸ್ತಕ ಮುಂದಿಟ್ಟುಕೊಂಡೇ ಬರೆಯಬಹುದು. ಪ್ರಶ್ನೆ ಮಾತ್ರ ಯಾವ ಪುಸ್ತಕದಲ್ಲೂ ಇಲ್ಲದ್ದು. ಮತ್ತೆ ಫೇಲಾದಳು. ಮೂರನೆಯದಕ್ಕೆ ಮುನ್ನ ಅವಳು ನಿಜಕ್ಕೂ ಓದಿದಳು. ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ ಬಿಟ್ಟಳು, ದೀಪಾವಳಿಗೆ ಯಾರ ಮನೆಗೂ ಹೋಗಲಿಲ್ಲ. “ಈಗ ತಿಳದೈತಿ ನನಗ. ಖರೇನ ತಿಳದೈತಿ,” ಎಂದು ಫೋನಿನಲ್ಲಿ ಒಂದು ಲೆಕ್ಕವನ್ನು ನನಗೆ ಬಿಡಿಸಿ ಹೇಳಿದಳು. ಅಷ್ಟು ಚೆನ್ನಾಗಿ ನಮಗೆ ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ.

ಆ ಪರೀಕ್ಷೆಯೂ ಹೋಯಿತು. ಅಪ್ಪನಿಗೆ ಫೋನ್ ಮಾಡಿದಾಗ ಅವಳ ಬಾಯಿಂದ ಹೊರಟದ್ದು ಒಂದೇ ಮಾತು.

“ಬರಿಯೂ ಮುಂದ ಕೈ ನಡಗಿದ್ವು ಅಪ್ಪಾ.”

“ಥಂಡಿ ಭಾಳ ಏನವಾ ಅಲ್ಲಿ?”

ಅಕ್ಕ “ಹ್ಞೂಂ” ಎಂದಳಂತೆ. ಕಥೆ ಹುಟ್ಟಿದ್ದು ಅಲ್ಲಿ. ಬೆಳೆಸಿದವರು ಉಳಿದವರು.

ಅವಳು ಬಂದದ್ದು ಬೇಸಿಗೆ ಶುರುವಾಗುವ ಹೊತ್ತಿಗೆ. ಮನೆಗೆ ಯಾರಾದರೂ ಬಂದರೆ ಅಕ್ಕ ಒಳಗೆ ಹೋಗಿ ಸ್ವೆಟರ್ ಹಾಕಿಕೊಂಡು ಬರುತ್ತಿದ್ದಳು. ದಾಳಿಂಬೆ ತೋಟಗಳೇ ಬಾಡುವ ಬಿಸಿಲಲ್ಲಿ, ಫ್ಯಾನಿನ ಕೆಳಗೆ, ಸ್ವೆಟರ್! ಬಂದವರು “ಅಯ್ಯ ಪಾಪ, ಎಲುಬಿನಾಗ ಹೊಕ್ಕೈತಿ ನೋಡ್ರಿ ಥಂಡಿ” ಎಂದು ಅವಳ ಅಂಗೈ ತಿಕ್ಕಿ ಹೋಗುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. “ಯಾಕ ಈ ಸುಳ್ಳು ಅಕ್ಕಾ?”

“ಎಲ್ಲಿ ಸುಳ್ಳು? ಥಂಡಿ ಇತ್ತಲ್ಲ ಅಲ್ಲಿ.”

“ಅರ್ಧಾ ಮಾತು ಅದು.”

ಅವಳು ನಕ್ಕಳು. ಬೆವರಿನಿಂದ ಕತ್ತು ಹೊಳೆಯುತ್ತಿತ್ತು. “ಫೇಲ್ ಅಂದ್ರ ಹತ್ತು ಪ್ರಶ್ನಿ ಬರ್ತಾವ ತಂಗಿ. ಥಂಡಿ ಅಂದ್ರ ಒಂದು ಕಪ್ಪು ಚಹಾ ಬರತೈತಿ. ಅಪ್ಪ ಅಂಗಡ್ಯಾಗ ತಲಿ ಎತ್ತಿ ಕೂಡ್ತಾನ. ಥಂಡಿಗೆ ಯಾರು ಏನು ಮಾಡ್ಯಾರು?”

ಈ ವಾದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಅವಳ ಕತ್ತು ನೋಡಿ ಹೇಳಲು ಮನಸ್ಸಾಗಲಿಲ್ಲ. ಒಬ್ಬಳ ಸೋಲು ಅವಳದೇ, ಅದಕ್ಕೆ ಏನು ಹೆಸರು ಬೇಕೋ ಇಟ್ಟುಕೊಳ್ಳಲಿ ಎಂದುಕೊಂಡೆ.

ಆದರೆ ಸರ್ ಅವಳನ್ನು ಕಾಲೇಜಿಗೆ ಕರೆದರು. ವಿದೇಶದಲ್ಲಿ ಎಂ.ಎಸ್. ಓದುವುದು ಹೇಗೆ ಎಂಬ ಕಾರ್ಯಕ್ರಮ. ವೇದಿಕೆ, ಹಾರ, ಶಾಲು. ಮುಂದಿನ ಸಾಲಿನಲ್ಲಿ ಇಸ್ತ್ರಿ ಅಂಗಿಯ ಅವಳಪ್ಪ. ಹಿಂದಿನ ಬೆಂಚಿನಲ್ಲಿ ನಾನು. ಆಗ ನಾನು ಅಲ್ಲಿ ಕೊನೆಯ ವರ್ಷದಲ್ಲಿದ್ದೆ. ಅಳವಂಡಿಯ ಹುಡುಗಿಯೊಬ್ಬಳು, ನಮ್ಮದೇ ತರಗತಿಯವಳು, ಜರ್ಮನಿಯಲ್ಲಿ ಸೀಟು ಸಿಕ್ಕಿದ್ದವಳು, ಎದ್ದು ಕೇಳಿದಳು.

“ಮೇಡಂ, ಅಲ್ಲಿ ಬ್ಯಾಕ್ ಉಳದ್ರ ಹೆಂಗ್ರಿ?”

ಸರ್ ಮೈಕಿಗೆ ಬಾಗಿದರು. “ಎಲ್ಲಾ ಕಡೆನೂ ಒಂದವಾ. ಮತ್ತ ಬರೀಬೇಕು, ಮತ್ತ ಪಾಸಾಗಬೇಕು. ಹೆದರಬಾರದು.”

ನಾನು ಎದ್ದೆ. “ಸರ್, ಹಂಗಿಲ್ರಿ. ಮೂರು ಸಲ ಫೇಲಾದ್ರ ಅಲ್ಲಿ ತಗದು ಹಾಕ್ತಾರ್ರಿ. ತಯಾರಿ ಇಲ್ಲಾಂದ್ರ ಹೆಸರ ವಾಪಸ್ ತಗೋಬೇಕ್ರಿ, ಸುಮ್ಮನ ಕುಂತು ನೋಡಬಾರದ್ರಿ.”

“ಡಿಬೇಟಿನಾಗ ನಿನ್ನ ಗೆಲ್ಲಾಕ ನನ್ನ ಕೈಲೆ ಆಗೂದಿಲ್ಲ ಬಿಡು,” ಎಂದರು ಸರ್. ಸಭೆ ನಕ್ಕಿತು. “ಆದ್ರ ನೀ ತುಂಗಭದ್ರಾ ಹೊಳಿ ದಾಟಿ ಎಲ್ಲಿಗೆ ಹೋಗೀಯವಾ? ಹೋಗಿ ಬಂದಾಕಿ ಇಲ್ಲೇ ಕುಂತಾಳ. ಅಕಿನ ಹೇಳ್ಲಿ.”

ಮೈಕು ಅಕ್ಕನ ಕೈಗೆ ಬಂತು. ಅವಳು ನನ್ನನ್ನು ನೋಡಿದಳು. ಆಮೇಲೆ ಮುಂದಿನ ಸಾಲನ್ನು ನೋಡಿದಳು. ಅವಳಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡರು.

“ಓದಿದ್ರ ತ್ರಾಸೇನಿಲ್ಲ,” ಎಂದಳು ಅಕ್ಕ. “ಥಂಡಿ ಅಷ್ಟ ನೋಡ್ಕೋರಿ. ಛಲೋ ಜಾಕೆಟ್ ಒಯ್ರಿ.”

ಚಪ್ಪಾಳೆ.

ಹೊರಗೆ ಅಳವಂಡಿಯ ಹುಡುಗಿಯನ್ನು ಹಿಡಿದು ನಿಲ್ಲಿಸಿ ಎಲ್ಲ ಹೇಳಿದೆ. ಅಕ್ಕ ಬಂದದ್ದು ಯಾಕೆ ಎಂಬುದನ್ನೂ ಹೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನಿನಗ ಅಕ್ಕಾರ ಮ್ಯಾಲೆ ಹೊಟ್ಟಿಕಿಚ್ಚೇನಲೇ? ಸ್ಟೇಜಿನ ಮ್ಯಾಲೆ ಅವರ ಮಾತು ಕೇಳಿದ್ವಲ್ಲ.” ಕಂಡು ಬಂದವಳ ಮಾತು ಒಂದು ಕಡೆ, ಕೇಳಿದವಳ ಮಾತು ಒಂದು ಕಡೆ. ತೀರ್ಪು ಕೊಡುವ ಜಾಗದಲ್ಲಿದ್ದರೆ ನಾನೂ ಅಕ್ಕನನ್ನೇ ಗೆಲ್ಲಿಸುತ್ತಿದ್ದೆ.

ಯಲಬುರ್ಗಾ ಮೇಲಿಂದ ಊರಿಗೆ ಬರುವ ಬಸ್ಸಿನಲ್ಲಿ ನಾವಿಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದೆವು. ಕುಷ್ಟಗಿ ಬರುವ ತನಕ ಅವಳು ಆ ಶಾಲನ್ನು ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು.

ಅಕ್ಕ ಈಗ ಅಪ್ಪನ ಅಂಗಡಿಯಲ್ಲಿ ಕೂರುತ್ತಾಳೆ. ಮಾಳಿಗೆಗೆ ಬರುವುದಿಲ್ಲ. ಬೇರೆ ದೇಶಕ್ಕೆ ಅರ್ಜಿ ಹಾಕು ಎಂದರೆ, “ಅಲ್ಲೂ ಥಂಡಿ ಇರತೈತಿ” ಎನ್ನುತ್ತಾಳೆ. ಅದು ತಮಾಷೆಯೋ ಅಲ್ಲವೋ ಈಗೀಗ ನನಗೂ ತಿಳಿಯುವುದಿಲ್ಲ. ಅಳವಂಡಿಯ ಹುಡುಗಿ ಹೋಗಿ ಆಗಲೇ ಒಂದು ಚಳಿಗಾಲ ಬಂದಿದೆ.

ಮೊನ್ನೆ ಸಂಜೆ ಅಂಗಡಿಗೆ ಹೋಗಿದ್ದೆ. ಒಳಗೆ ಅವಳಪ್ಪ ಗಿರಾಕಿಯೊಬ್ಬರಿಗೆ ಮಗಳ ಜರ್ಮನಿಯ ಹಿಮದ ಬಗ್ಗೆ ಹೇಳುತ್ತಿದ್ದರು. ಯೂರಿಯಾ ಚೀಲಗಳ ನಡುವೆ ಕೂತಿದ್ದ ಅಕ್ಕ ಫೋನನ್ನು ನನ್ನ ಕಡೆ ತಿರುಗಿಸಿದಳು. ಅಳವಂಡಿಯ ಹುಡುಗಿಯ ಮೆಸೇಜು:

‘ಅಕ್ಕಾರ, ಮುಂದಿನ ವಾರ ಕಂಟ್ರೋಲ್ ಪರೀಕ್ಷಾ ಐತ್ರಿ. ಏನೂ ತಯಾರಿ ಇಲ್ರಿ. ಹೆಸರ ತಗಸಾಕ ಇವತ್ತ ಕಡೀ ದಿನ. ಸರ್ ಕುಂತು ನೋಡು ಅಂದಾರ. ನೀವು ಹೆಂಗ ಹೇಳ್ತೀರಿ ಹಂಗ.’

ಅಕ್ಕ ಫೋನನ್ನು ಬೋರಲು ಹಾಕಿ ಮೇಜಿನ ಮೇಲಿಟ್ಟಳು. ಒಳಗಿನ ಅಪ್ಪನ ಮಾತು ಕೇಳುತ್ತಲೇ ಇತ್ತು. ನಾನು ಅವಳ ಎದುರಿನ ಚೀಲದ ಮೇಲೆ ಕೂತೆ.

“ಅಕ್ಕಾ, ಅಕಿಗೆ ಏನಂತ ಬರೀತಿ?”