ದಡ ಬಿಡದ ಹಾಯಿದೋಣಿ

ಬಂದರಿನವರೆಲ್ಲ ದೋಣಿಮಾವ ಎಂದು ಕರೆಯುವ ಹಳೆಯ ಗಡಿಯಾರ ರಿಪೇರಿಗಾರರಿಗೆ ಒಂದು ಪುಟ್ಟ ಹಾಯಿದೋಣಿಯಿದೆ; ಅದು ದಡದಲ್ಲಿ, ಮರದ ದಿಮ್ಮಿಗಳ ಮೇಲೆ ಕುಳಿತೇ ಇದೆ. ಗಾಳಿಯ ಕಾಲ ಹತ್ತಿರವಾಯಿತೆಂದರೆ ಮಾವ ಅದರ ಹೊಟ್ಟೆಯ ಬಣ್ಣವನ್ನು ಕೆರೆದು ಹೊಸದು ಬಳಿಯುತ್ತಾರೆ, ಒಣಗಿದ ಮೇಲೆ ಬೆರಳಿನಿಂದ ತಟ್ಟಿ, ಕಿವಿಗೊಟ್ಟು, ಹುಬ್ಬು ಗಂಟಿಕ್ಕಿ, ಮತ್ತೆ ಕೆರೆಯುತ್ತಾರೆ. ಹಾಯಿಯಲ್ಲಿ ಈಗ ಬಟ್ಟೆಗಿಂತ ತೇಪೆಯೇ ಹೆಚ್ಚು. "ಮಾವ, ಈ ವರ್ಷವಾದ್ರೂ ಇದಕ್ಕೆ ಸ್ನಾನದ ಯೋಗ ಇದೆಯಾ?" ಎಂದು ಮೀನುಗಾರರು ಕೆಣಕಿದರೆ, "ಅವಸರ ಯಾಕಪ್ಪ, ಸಮುದ್ರವೇನು ಓಡಿಹೋಗುತ್ತಾ?" ಎನ್ನುತ್ತಾರೆ. ಕೊನೆಯ ಬಣ್ಣ ಒಣಗುವ ಹೊತ್ತಿಗೆ ಗಾಳಿಯ ಕಾಲವೇ ಮುಗಿದಿರುತ್ತದೆ. ಸಂಜೆಯಾದರೆ ಅವರ ಹೆಂಡತಿ, ಎಲ್ಲರ ಅತ್ತೆ, ಚಹಾದ ಫ್ಲಾಸ್ಕ್ ಹಿಡಿದು ಏಣಿ ಹತ್ತಿ ಬರುತ್ತಾರೆ. ಇಬ್ಬರೂ ಹಾಯಿ ಬಿಚ್ಚಿ, ಚುಕ್ಕಾಣಿ ಹಿಡಿದು, ನಿಂತಲ್ಲೇ ಪ್ರಯಾಣ ಹೊರಡುತ್ತಾರೆ. ಹನ್ನೊಂದು ವರ್ಷದ ಹಿಂದೆ, ಸಮುದ್ರಕ್ಕಿಳಿದ ಮೊದಲ ಸವಾರಿಯಲ್ಲೇ, ಅತ್ತೆ ವಾಂತಿ ಮಾಡಿಕೊಂಡು ಹೈರಾಣಾಗಿ, "ನನ್ನಿಂದ ನಿಮ್ಮ ಆಸೆ ಕೆಟ್ಟಿತು" ಎಂದು ಕಣ್ಣೀರು ಹಾಕಿದ್ದರು. ಮೊನ್ನೆ ಅವರೇ, "ದೋಣಿ ಚೆನ್ನಾಗೇ ಇದೆಯಲ್ಲ, ನನ್ನ ಬಿಟ್ಟು ಒಂದು ಸುತ್ತು ಹೋಗಿ ಬನ್ನಿ" ಎಂದರು. ಮಾವ ಗಾಬರಿಯಿಂದ ಕೆಳಗಿಳಿದು, ಭೂತಗನ್ನಡಿ ಹಿಡಿದು ಅರ್ಧ ಗಂಟೆ ಹುಡುಕಿ, ಕೂದಲೆಳೆಯಷ್ಟು ಬಿರುಕೊಂದನ್ನು ಪತ್ತೆಮಾಡಿ, ನೆಮ್ಮದಿಯ ಉಸಿರುಬಿಟ್ಟರು: "ಸದ್ಯ, ಈ ವರ್ಷವೂ ಆಗಲ್ಲ ಕಣೇ."